ಸಣ್ಣಮ್ಮನ ಹಣೆ ಮತ್ತು ಒಂದೇ ಕ್ಲಿಕ್ಕಿನ ಸಾಫ್ಟ್‌ವೇರ್

ಮನೆಯಲ್ಲೇ ಕೂತು ಫೋಟೋ ಚೆಂದ ಮಾಡಿಕೊಳ್ಳಿ ಅಂತ ಅಗ್ಗದ ಸಾಫ್ಟ್‌ವೇರ್ ಮಾರುತ್ತಾರಲ್ಲ, ಅದನ್ನ ಕಂಡುಹಿಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಹೊಳೆನರಸೀಪುರಕ್ಕೆ ಕರೆಸಿ, ನಮ್ಮ ಜಗಲಿ ಮೇಲೆ ಕೂರಿಸಿ, ಒಂದು ಲೋಟ ಕಾಫಿ ಕೊಟ್ಟು, ಆಮೇಲೆ ನಿಧಾನವಾಗಿ ಬೈಬೇಕು ಅಂತ ನನಗೆ ಬಹಳ ದಿನದ ಆಸೆ. ಕಾಫಿ ಯಾಕೆ ಅಂದರೆ, ಬೈಗುಳ ಮುಗಿಯೋಕೆ ಹೊತ್ತಾಗುತ್ತೆ.

ನಾನು ಲಲಿತಮ್ಮ. ಮೂವತ್ತು ವರ್ಷದ ಮೇಲೆ ಸ್ಟುಡಿಯೋಗಳಲ್ಲಿ ಟಚಿಂಗ್ ಮಾಡಿದವಳು. ಮೊದಲು ಇಲ್ಲೇ ಹೊಳೆನರಸೀಪುರದಲ್ಲಿ, ಆಮೇಲೆ ಹಾಸನದಲ್ಲಿ. ಟಚಿಂಗ್ ಅಂದರೆ ಫೋಟೋದಲ್ಲಿ ಬಂದ ಗೀರು, ಕಲೆ, ನೆರಳು ತಿದ್ದಿ ಮುಖ ಮುಖದ ಹಾಗೆ ಕಾಣೋ ಥರ ಮಾಡೋದು. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದೆ, ಆಮೇಲೆ ಪ್ರಿಂಟ್ ಮೇಲೆ ಬ್ರಷ್ ಹಿಡಿದೆ, ಕೊನೆಗೆ ಕಂಪ್ಯೂಟರ್ ಮುಂದೆ ಮೌಸ್ ಹಿಡಿದೆ. ಈಗ ಫೋಟೋ ಲ್ಯಾಬುಗಳಿಗೆ ಹೊಸದಾಗಿ ಸೇರುತ್ತಿರೋ ಮಕ್ಕಳು ಈ ಕೆಲಸ ಎಷ್ಟು ಸುಲಭ ಅಂದುಕೊಂಡಿದ್ದಾರೆ ಅನ್ನೋದನ್ನ ಕೇಳಿ ನಗು ಬಂತು. ಅದಕ್ಕೇ ಬರೀತಿದ್ದೀನಿ. ಕಂಪ್ಯೂಟರ್ ಮೇಲೆ ಈ ಮುದುಕಿಗೆ ಹೊಟ್ಟೆಕಿಚ್ಚು ಅಂತ ಯಾರೂ ತಿಳಿಯಬೇಡಿ. ಒಳ್ಳೆ ಸಾಫ್ಟ್‌ವೇರ್‌ನಲ್ಲಿ ಹತ್ತು ವರ್ಷ ದುಡಿದಿದ್ದೀನಿ, ಅದಕ್ಕೆ ಕೈ ಮುಗೀತೀನಿ. ನನ್ನ ತಕರಾರು ಆ ‘ಒಂದೇ ಕ್ಲಿಕ್ಕು’ ಅನ್ನೋ ಅಹಂಕಾರದ ಮೇಲೆ.

ಹೇಳಬೇಕಾದ್ದೆಲ್ಲ ಹಳ್ಳಿಮೈಸೂರಿನ ಸಣ್ಣಮ್ಮನ ಫೋಟೋದಲ್ಲೇ ಇದೆ. ಅದನ್ನೇ ಹೇಳ್ತೀನಿ.

ನಾನು ಕೆಲಸ ಬಿಟ್ಟು ಮನೆಯಲ್ಲಿದ್ದ ಕಾಲ. ಒಂದು ಬೆಳಿಗ್ಗೆ ಸುಜಾತ ಬಂದಳು, ಜೊತೆಗೆ ಅವಳ ಗಂಡ ಮಂಜೇಗೌಡ. ಸುಜಾತ ಹಳ್ಳಿಮೈಸೂರಿನ ಜವರೇಗೌಡರಿಗೂ ಸಣ್ಣಮ್ಮನಿಗೂ ಮಗಳು. ಅವಳ ಮದುವೆ ಆಲ್ಬಮ್‌ಗೆ ಟಚಿಂಗ್ ಮಾಡಿದ್ದು ನಾನೇ. ಮಂಜೇಗೌಡನಿಗೆ ಚನ್ನರಾಯಪಟ್ಟಣದಲ್ಲಿ ಬೀಜ-ಗೊಬ್ಬರದ ಅಂಗಡಿ. ಇಬ್ಬರ ಮುಖವೂ ಬಾಡಿತ್ತು. ಅವನ ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು.

“ಲಲಿತಕ್ಕ, ಅಮ್ಮ ಹೋಗ್ಬಿಟ್ಳು” ಅಂದಳು ಸುಜಾತ. “ಒಂಬತ್ತು ದಿನ ಆಯ್ತು. ನಾಳಿದ್ದು ಹನ್ನೊಂದನೇ ದಿನದ ಕಾರ್ಯ. ಫೋಟೋದ್ದೊಂದು ಎಡವಟ್ಟಾಗಿದೆ. ಅಪ್ಪ ಊಟ ಬಿಟ್ಟು ಕೂತಿದ್ದಾರೆ.”

ಮಂಜೇಗೌಡ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟ. ನೋಡಿದೆ.

ಹಸಿರು ಸೀರೆ ಉಟ್ಟು ಸಣ್ಣಮ್ಮ ನಿಂತಿದ್ದಾಳೆ. ಕೈತುಂಬ ಬಳೆ, ಕತ್ತಿನಲ್ಲಿ ತಾಳಿ. ಹಣೆ ಮಾತ್ರ ಬೋಳು. ಒರೆಸಿ ಇಟ್ಟ ಹಾಗೆ ಬೋಳು. ಗಂಡ ಗುಂಡುಕಲ್ಲಿನ ಹಾಗೆ ಮನೆಯಲ್ಲಿ ಕೂತಿರುವಾಗ ಮುತ್ತೈದೆಯಾಗಿ ಸತ್ತವಳ ಹಣೆಯಲ್ಲಿ ಕುಂಕುಮ ಇಲ್ಲ. ಸಾಲದ್ದಕ್ಕೆ ತಾಳಿಗೆ ಅಡ್ಡಲಾಗಿ ಇಂಗ್ಲಿಷಿನಲ್ಲಿ ‘ಇದು ಟ್ರಯಲ್’ ಅಂತ ಬೇರೆ ಬರಕೊಂಡಿತ್ತು.

“ಯಾರಪ್ಪ ಇದನ್ನ ಮಾಡಿದ ಮಹಾನುಭಾವ?”

“ನಾನೇ ಮೇಡಂ” ಅಂದ ಮಂಜೇಗೌಡ. “ಮಕ್ಕಳ ಹುಟ್ಟುಹಬ್ಬದ ಫೋಟೋಗೆ ಅಂತ ಹಾಕ್ಕೊಂಡಿದ್ದೆ ಸಾಫ್ಟ್‌ವೇರು. ಅತ್ತೆ ಫೋಟೋನ ನಾನೇ ಕೈಯಾರೆ ಮಾಡೋಣ ಅಂತ ಆಸೆ ಆಯ್ತು.”

ಆಸೆಯೇನೋ ಒಳ್ಳೇದೇ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದ, ಅಷ್ಟೇ. ಏನೇನು ಒತ್ತಿದೆ ಅಂತ ಒಂದೊಂದಾಗಿ ಹೇಳಿಸಿದೆ. ಕೊಣನೂರಿನಲ್ಲಿ ನೆಂಟರ ಗೃಹಪ್ರವೇಶದ ದಿನ ಅವನೇ ಫೋನಿನಲ್ಲಿ ತೆಗೆದ ಫೋಟೋ ಅದು. ಸಣ್ಣಮ್ಮ ಕ್ಯಾಮೆರಾ ಕಂಡರೆ ಸೆರಗು ಮುಚ್ಚಿಕೊಳ್ಳೋ ಹೆಂಗಸು. ನೆಟ್ಟಗೆ ನಿಂತದ್ದು ಅದೊಂದೇ ಸಲ. ಮಿಕ್ಕಿದ್ದೆಲ್ಲ ಬೆನ್ನು, ಇಲ್ಲವೇ ಅರ್ಧ ಕಿವಿ. ಅದನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ‘ತಾನೇ ಸರಿಮಾಡು’ ಅನ್ನೋ ಗುಂಡಿ ಒತ್ತಿದ್ದಾನೆ. ಫ್ಲ್ಯಾಶ್ ಬಿದ್ದಾಗ ಕಣ್ಣು ಕೆಂಪಗೆ ಬರುತ್ತಲ್ಲ, ಅದನ್ನ ತೆಗೆಯೋ ಕಸುಬು ಆ ಗುಂಡಿಯೊಳಗಿದೆ. ಮುಖದಲ್ಲಿ ಕೆಂಪಗೆ ದುಂಡಗೆ ಏನು ಕಂಡರೂ ಅದಕ್ಕೆ ರೋಗ ಹಿಡಿದ ಕಣ್ಣೇ. ಸಣ್ಣಮ್ಮನ ಕುಂಕುಮವನ್ನ ಮೂರನೇ ಕಣ್ಣು ಅಂದುಕೊಂಡು ಕರ್ರಗೆ ಮಾಡಿ ಕೂರಿಸಿದೆ!

ಸತ್ತವಳ ಹಣೆಯಲ್ಲಿ ಕರೀ ಬೊಟ್ಟು ನೋಡಿ ಇವನಿಗೆ ಗಾಬರಿ. ಹಿಂದಕ್ಕೆ ಹೋಗೋ ಗುಂಡಿ ಒತ್ತಿದರೆ, ಆ ಸೌಲಭ್ಯ ಪೂರ್ತಿ ಸಾಫ್ಟ್‌ವೇರ್ ಕೊಂಡವರಿಗೆ ಮಾತ್ರ ಅಂತು. ಸರಿ, ‘ಕಲೆ ತೆಗೆ’ ಅನ್ನೋದು ಪುಕ್ಕಟೆ ಇತ್ತು, ಅದನ್ನ ಹಿಡಿದು ಉಜ್ಜಿದ. ಕಲೆ ಹೋಯಿತು. ಆ ಜಾಗ ತುಂಬೋಕೆ ಅಕ್ಕಪಕ್ಕದ್ದನ್ನ ಎಳೆದಾಗ ಹುಬ್ಬಿನ ನಾಲ್ಕು ಕೂದಲೂ ಬಂದು ಹಣೆ ಮೇಲೆ ಕೂತವು. ಸೇವ್ ಮಾಡಿದ. ಬೇರೆ ಹೆಸರಿನಲ್ಲಿ ಇಡಲೇ ಅಂತ ಒಂದು ಮಾತು ಕೇಳಬೇಡವೇ? ಕೇಳಲಿಲ್ಲ. ಹಳೇದರ ಮೇಲೇ ಬರೆದು ಮುಗಿಸಿತು.

“ಫೋನಿನಲ್ಲಿ ಇದೆಯಲ್ಲ?”

“ಜಾಗ ಇಲ್ಲ ಅಂತ ತೋರಿಸ್ತಿತ್ತು ಮೇಡಂ. ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಅಳಿಸಿಬಿಟ್ಟೆ.”

ನಾನು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಸಾವಿನ ಮನೆಯವರಿಗೆ ಎಷ್ಟು ಅಂತ ಬೈಯೋದು.

ಜವರೇಗೌಡರಿಗೆ ಇದನ್ನ ಹಿಂದಿನ ದಿನ ತೋರಿಸಿದ್ದರಂತೆ. ಅವರು ತುಂಬ ಹೊತ್ತು ನೋಡಿ, “ಏನಪ್ಪಾ ಮಂಜೇಗೌಡ, ನಾನಿನ್ನೂ ಬದುಕಿವ್ನಿ ಕಣಪ್ಪ. ಇವಳ್ಯಾಕೆ ಇಂಗೆ ನಿಂತವ್ಳೆ?” ಅಂದರಂತೆ. ಯಾರೋ ದೊಡ್ಡವರು, ಹೋಗಲಿ ಬಿಡು, ಕಟ್ಟು ಹಾಕಿಸಿ ಗಾಜಿನ ಮೇಲೆ ಬೊಟ್ಟು ಇಟ್ಟರಾಯಿತು, ಎಲ್ಲರ ಮನೆಯಲ್ಲೂ ಇಡಲ್ಲವೇ ಅಂದರಂತೆ. ಅದಕ್ಕೆ ಗೌಡರು, “ಗಾಜಿಗಿಕ್ಕಿದ್ರೆ ಗಾಜಿಗಾಯ್ತು. ಅವಳ ಅಣೆಗೇನಾಯ್ತು? ಮುತ್ತೈದೆಯಾಗಿ ಓಗ್ಬೇಕು ಅಂತ ಜಲ್ಮೆಲ್ಲ ಬೇಡ್ಕಂಡಿದ್ದೋಳು. ಈ ಪಟ ಇಕ್ಕೋದಾದ್ರೆ ನಾನು ಎಡೆ ತಾವ ಬರಾಕಿಲ್ಲ” ಅಂತ ಎದ್ದು ಹೋದವರು ಕೊಟ್ಟಿಗೆ ಪಕ್ಕದ ಜಗಲಿ ಬಿಟ್ಟು ಕದಲಿಲ್ಲವಂತೆ. ಹೆಂಡತಿಯ ಕಾರ್ಯಕ್ಕೆ ಗಂಡನೇ ಬರಲ್ಲ ಅಂದರೆ ಊರು ಏನಂದೀತು, ಅದಕ್ಕಿಂತ ಮುದುಕರ ಗತಿ ಏನು ಅಂತ ಸುಜಾತ ಅಳೋಕೆ ಶುರುಮಾಡಿದಳು.

ಇಲ್ಲಿ ನಮ್ಮ ಸ್ಟುಡಿಯೋ ಯಜಮಾನರ ಮಾತು ಹೇಳಬೇಕು. ನನಗೆ ಪೆನ್ಸಿಲ್ ಹಿಡಿಸಿದವರು ಸ್ಟುಡಿಯೋ ಮಾಲೀಕರು ಶೇಷಗಿರಿರಾಯರು. ಮಹಾ ಮುಂಗೋಪಿ. ಸೇರಿದ ಮೊದಲ ತಿಂಗಳು ನನ್ನ ಕೈಗೆ ಪೆನ್ಸಿಲ್ಲೇ ಕೊಡಲಿಲ್ಲ. ಬಾಗಿಲ ಹತ್ತಿರ ಸ್ಟೂಲ್ ಹಾಕಿ, “ಬಂದವರ ಮುಖ ನೋಡ್ತಾ ಕೂತಿರಮ್ಮ” ಅಂದರು. ಸಂಜೆ ಕೇಳೋರು: ಬೆಳಿಗ್ಗೆ ಬಂದಾಕೆಗೆ ಗದ್ದದ ಕೆಳಗೆ ಏನಿತ್ತು? ಆ ಮೇಷ್ಟರ ಯಾವ ಕಣ್ಣು ಚಿಕ್ಕದು? ತಪ್ಪು ಹೇಳಿದರೆ ಎಲ್ಲರ ಮುಂದೆ ಬೈಗುಳ. ನಾನು ಹೊಟ್ಟೆಯಲ್ಲೇ ಶಾಪ ಹಾಕುತ್ತಿದ್ದೆ. ಮುಖ ನೋಡೋಕೆ ಸಂಬಳ ಬೇರೆ ಕೊಡ್ತಾರೆ, ಹುಚ್ಚು ಹಿಡಿದಿರಬೇಕು ಅಂತ ನಮ್ಮ ಮನೆಯವರು ನಗೋರು.

ರಾಯರ ಆ ಪಾಠದಲ್ಲಿ ಸತ್ಯ ಇತ್ತು ಅಂತ ಗೊತ್ತಾಗಿದ್ದು ಅರಕಲಗೂಡಿನ ಒಬ್ಬರು ಅರ್ಚಕರ ಫೋಟೋದಲ್ಲಿ. ಅವರ ಬಲಗಡೆ ಹುಬ್ಬಿನಲ್ಲಿ ಒಂದು ಸೀಳು, ಅಲ್ಲಿ ಕೂದಲೇ ಇರಲಿಲ್ಲ. ಕೈ ಹೊಸದು, ಹುಮ್ಮಸ್ಸು ಜಾಸ್ತಿ. ಪ್ರಿಂಟ್ ಮೇಲೆ ಸಣ್ಣ ಬ್ರಷ್ ಹಿಡಿದು ಕೂದಲು ಕೂದಲಾಗಿ ಹುಬ್ಬು ತುಂಬಿಸಿಬಿಟ್ಟೆ. ಅರ್ಚಕರು ಫೋಟೋ ನೋಡಿದವರೇ ಕೌಂಟರ್ ಮೇಲೆ ಎಸೆದರು. “ಇದು ನಾನಲ್ಲ, ನನ್ನ ತಮ್ಮ!” ನೋಡಿದರೆ ಅಣ್ಣತಮ್ಮಂದಿರು ಅವಳಿ ಜವಳಿ, ಪೂಜೆಯ ಸರದಿಗೆ ಇಬ್ಬರಿಗೂ ವ್ಯಾಜ್ಯ, ಊರವರು ಅವರನ್ನ ಗುರುತಿಸುತ್ತಿದ್ದದ್ದೇ ಆ ಸೀಳು ಹುಬ್ಬಿನಿಂದ. ರಾಯರು ನನಗೆ ಬೈಯಲಿಲ್ಲ. ಅದೇ ಭಯ ಆಯಿತು. “ಚೆಂದ ಮಾಡೋಕೆ ದೇವರಿದ್ದಾನೆ ಲಲಿತಮ್ಮ. ನೀನು ಗುರುತು ಉಳಿಸು” ಅಂದು ಒಳಗೆ ಹೋದರು.

ಈ ಮಾತನ್ನ ಯಾವ ಸಾಫ್ಟ್‌ವೇರಿಗೆ ಯಾರು ಹೇಳಿಕೊಡ್ತಾರೆ? ಚನ್ನರಾಯಪಟ್ಟಣದಲ್ಲಿ ನಿವೃತ್ತರಾದ ಒಬ್ಬರು ಹೆಡ್‌ಮಾಸ್ಟರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮನುಷ್ಯ ಜನ್ಮದಲ್ಲಿ ನಕ್ಕವರಲ್ಲ. ಹಳೇ ವಿದ್ಯಾರ್ಥಿ ಒಬ್ಬ ಇಂಥದ್ದೇ ಸಾಫ್ಟ್‌ವೇರಿನಲ್ಲಿ ‘ನಗು’ ಅನ್ನೋದನ್ನ ಎಳೆದು ಬ್ಯಾನರ್ ಮಾಡಿಸಿದ. ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು ಮೇಷ್ಟರು ಬಸ್ ಸ್ಟ್ಯಾಂಡಿನಲ್ಲಿ ತೂಗಾಡಿದರು. ಅವರಿಗೆ ಮುಂದಿನ ಎರಡು ಹಲ್ಲು ಬಿದ್ದು ಎಷ್ಟೋ ವರ್ಷ ಆಗಿತ್ತು. ಅವರ ಕೈಲಿ ಏಟು ತಿಂದವರೆಲ್ಲ ಬ್ಯಾನರ್ ಕೆಳಗೆ ನಿಂತು ಸೆಲ್ಫಿ ತಗೊಂಡರು.

ಇರಲಿ, ಸಣ್ಣಮ್ಮನ ವಿಷಯ. ಮಂಜೇಗೌಡ ಇನ್ನೂ ಆಸೆ ಬಿಟ್ಟಿರಲಿಲ್ಲ. “ಇದರಲ್ಲೇ ಸ್ಟಿಕರ್ ಥರ ಬೊಟ್ಟು ಸಿಗುತ್ತೆ ಮೇಡಂ, ನೋಡಿ” ಅಂತ ತೋರಿಸೋಕೆ ಹೋದ. ಬೊಟ್ಟು ಹುಡುಕಿದರೆ ಬೆಕ್ಕಿನ ಮೀಸೆ ಬಂತು, ಮೊಲದ ಕಿವಿ ಬಂತು, ಹಾರ್ಟು ಬಂತು. ಸತ್ತ ಹೆಂಗಸಿನ ತಲೆ ಮೇಲೆ ಒಂದು ಗಳಿಗೆ ಮೊಲದ ಕಿವಿ ನಿಂತದ್ದನ್ನ ಮಗಳು ನೋಡಿ ಮುಖ ತಿರುಗಿಸಿಕೊಂಡಳು. ತೆಗೆಯೋಕೆ ಹೋದರೆ ಚಕ್ರ ತಿರುಗ್ತಾ ನಿಂತುಬಿಟ್ಟಿತು. ನಮ್ಮ ಮನೆಯಲ್ಲಿ ಒಲೆ ಮೇಲಿಟ್ಟ ಅನ್ನ ಬೆಂದರೂ ಆ ಚಕ್ರ ನಿಲ್ಲಲಿಲ್ಲ. ಕಡೆಗೆ ನಾನೇ ಗುಂಡಿ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆರಿಸಿ, “ಇನ್ನು ಇದನ್ನ ಮುಟ್ಟಿದರೆ ನಿನ್ನ ಕೈ ಮುರೀತೀನಿ ಕಣಪ್ಪ” ಅಂದೆ. ಅವನು ಕೈ ಕಟ್ಟಿಕೊಂಡು ಕೂತ.

ಒಂದು ಪುಣ್ಯ ಏನಂದರೆ, ಮುಖ ನುಣುಪು ಮಾಡೋ ಗುಂಡಿಗೆ ಆ ಸಾಫ್ಟ್‌ವೇರ್ ಬೇರೆ ದುಡ್ಡು ಕೇಳಿತ್ತು. ಅದರಿಂದ ಸಣ್ಣಮ್ಮನ ಸುಕ್ಕುಗಳು ಬಚಾವಾಗಿದ್ದವು. ಆ ಲ್ಯಾಪ್‌ಟಾಪ್ ತಗೊಂಡು ಹಾಸನಕ್ಕೆ ಹೋಗಿ, ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಕೂತು ತಾಳಿಗೆ ಅಡ್ಡ ಬಂದ ಅಕ್ಷರ ಅಳಿಸಿದೆ, ಹಣೆ ಮೇಲಿನ ಹುಬ್ಬಿನ ಕೂದಲು ತೆಗೆದೆ. ಕುಂಕುಮವನ್ನ ಮಾತ್ರ ಕಂಪ್ಯೂಟರಿನಲ್ಲಿ ಇಡಲಿಲ್ಲ. ಅದೊಂದನ್ನ ಕೈಯಲ್ಲೇ ಇಡಬೇಕು ಅನ್ನಿಸಿತು. ಹೊಳಪಿಲ್ಲದ ಕಾಗದದಲ್ಲಿ ಎರಡು ಪ್ರಿಂಟ್ ತೆಗೆಸಿದೆ. ಬ್ರಷ್ ಜಾರಿದರೆ ಇರಲಿ ಅಂತ ಒಂದು ಹೆಚ್ಚಿಗೆ ತೆಗೆಸೋದು ನನ್ನ ಅಭ್ಯಾಸ. ಸುಜಾತಳನ್ನ ಕೇಳಿದೆ, ಅಮ್ಮನ ಕುಂಕುಮ ಎಷ್ಟು ದಪ್ಪ ಇರ್ತಿತ್ತು ಅಂತ. ಹೆಬ್ಬೆಟ್ಟಿನಷ್ಟು ಅಂದಳು.

ಮನೆಗೆ ಬಂದು ಕಿಟಕಿ ಪಕ್ಕ ಕೂತೆ. ಎರಡು ಹುಬ್ಬಿನ ನಡುವೆ ಅಳತೆ ಹಿಡಿದೆ. ಕೂದಲಿಗಿಂತ ಸಣ್ಣ ಮೊನೆಯ ಬ್ರಷ್ಷಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬಣ್ಣ ಕೂರಿಸಿದೆ. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಡು ಹಣೆಗೆ ದುಂಡಗೆ ಕೂತಿತು. ರಾಯರು ಇದ್ದಿದ್ದರೆ ಕನ್ನಡಕ ಎತ್ತಿ ನೋಡಿ ‘ಹೂಂ’ ಅನ್ನುತ್ತಿದ್ದರು, ಅವರ ಹೂಂ ಅಂದರೆ ಬಹುಮಾನ. ನನಗೆ ಹೆಮ್ಮೆ ಉಕ್ಕಿಬಂತು. ಬಂದುಬಿಡು ಒಂದೇ ಕ್ಲಿಕ್ಕೇ, ಈಗ ನೋಡು ಅಂದುಕೊಂಡೆ.

ಕಾರ್ಯದ ದಿನ ಬೆಳಿಗ್ಗೆ ಬೇಗ ಹಳ್ಳಿಮೈಸೂರಿಗೆ ಹೋದೆ. ಅಂಗಳದಲ್ಲಿ ಒಲೆ ಹೂಡಿದ್ದರು. ನೆಂಟರು ಇನ್ನೂ ಬರುತ್ತಿದ್ದರು. ನಡುಮನೆಯಲ್ಲಿ ಮಣೆ ಹಾಕಿ, ಹೂವಿನ ಹಾರ ತಂದು ತಟ್ಟೆಯಲ್ಲಿಟ್ಟಿದ್ದರು. ಚೌಕಟ್ಟು, ಗಾಜು, ಸಣ್ಣ ಮೊಳೆ ಎಲ್ಲ ಸಿದ್ಧ ಮಾಡಿಕೊಂಡು ಮಂಜೇಗೌಡ ಕಾಯುತ್ತಿದ್ದ. ಮಣೆ ಮೇಲೆ ಫೋಟೋ ಮಾತ್ರ ಇರಲಿಲ್ಲ. ಗೌಡರು ಜಗಲಿ ಮೇಲೇ ಇದ್ದರು, ಗಡ್ಡ ಬಂದಿತ್ತು. ನಾನು ಲಕೋಟೆಯಿಂದ ಫೋಟೋ ತೆಗೆದು ಅವರ ಕೈಗೆ ಕೊಟ್ಟೆ.

ದೂರ ಹಿಡಿದು ನೋಡಿದರು. ಹತ್ತಿರ ಹಿಡಿದು ನೋಡಿದರು.

“ಬಲು ಚೆಂದಾಗದೆ ಕಣವ್ವ” ಅಂದರು. “ಕ್ಯಾಲೆಂಡರ್ ಲಕ್ಷ್ಮಿ ಇದ್ದಂಗವ್ಳೆ. ಆದ್ರೆ ಇವಳು ನಮ್ಮೋಳಲ್ಲ.”

ನನಗೆ ಸುರ್ರನೆ ಸಿಟ್ಟು ಬಂತು. “ಏನು ಗೌಡ್ರೆ ಹೀಗಂತೀರಿ? ಎರಡು ದಿನ ಕಣ್ಣು ಇಂಗಿಸಿ ಮಾಡಿದ್ದೀನಿ. ಏನು ತಪ್ಪಾಗಿದೆ ಹೇಳಿ.”

“ತಪ್ಪಿಲ್ಲ ತಾಯಿ. ಅದೇ ತಪ್ಪು. ನಮ್ಮೋಳ್ದು ನಡುಮಧ್ಯಕ್ಕೆ ಯಾವತ್ತಿತ್ತು? ಒಂದ್ ಬೆಟ್ಟು ಎಡಕ್ಕೆ ವಾಲ್ತಿತ್ತು. ಒತ್ತಾರೆ ಎದ್ದು, ಕೊಟ್ಟಿಗೆ ಬಾಚಿ, ಮೊಕ ತೊಳ್ಕಂಡು, ಒಂದ್ ಕೈಲಿ ಆಲಿನ ಚೊಂಬು ಇಡ್ಕಂಡೇ ಇನ್ನೊಂದ್ ಕೈಲಿ ಇಕ್ಕೊಳ್ಳೋಳು. ಕನ್ನಡಿ ಎಲ್ಲಿ ನೋಡೋಳು ಅವ್ಳು? ನಲವತ್ತೊರ್ಸ ಬಡ್ಕಂಡಿವ್ನಿ, ನೆಟ್ಟಗೆ ಇಕ್ಕೊಳ್ಳೇ ಅಂತ. ‘ನೋಡೋರು ನೀವು, ನೀವೇ ನೆಟ್ಟಗೆ ಮಾಡಿ’ ಅನ್ನೋಳು.”

“ಮಾಡಿದ್ರಾ?”

“ಎಲ್ಲವ್ವಾ! ಮನೆ ತುಂಬ ಜನ ಇರೋರು. ನಾಚ್ಕೆ ಆಯ್ತಿತ್ತು.”

ಎರಡು ದಿನದಿಂದ ಸಾಫ್ಟ್‌ವೇರಿಗೆ ಉಗಿದು ಉಗಿದು ಕೊನೆಗೆ ನಾನು ಮಾಡಿದ್ದೂ ಅದೇ ಕೆಲಸ. ಅಳತೆ ಹಿಡಿದೆನೇ ಹೊರತು, ಆ ಹಣೆಯನ್ನ ದಿನಾ ನೋಡಿದ ಮನುಷ್ಯನನ್ನ ಒಂದು ಮಾತು ಕೇಳಲಿಲ್ಲ. ಮೂವತ್ತು ವರ್ಷದ ಕಸುಬು ನನ್ನ ಕೈಗೆ ಬಂದಿತ್ತು, ತಲೆಗೆ ಬಂದಿರಲಿಲ್ಲ. ನನಗೆ ನಿಜವಾಗಲೂ ನಾಚಿಕೆಯಾಯಿತು.

ಮಂಜೇಗೌಡ ಮೆಲ್ಲಗೆ, “ಮಾವ, ಫೋನಲ್ಲಿ ಒಂದು ಫೋಟೋ ಹೊಡ್ಕೊಂಡು ಬೊಟ್ಟನ್ನ ಚೂರು ಎಡಕ್ಕೆ ಸರಿಸ್ಲಾ? ಒಂದ್ನಿಮಿಷ...” ಅಂದ. ನಾನು ತಿರುಗಿ ನೋಡಿದೆ. ಫೋನು ಜೇಬಿಗೆ ಹೋಯಿತು.

ಚೀಲದಿಂದ ಎರಡನೇ ಪ್ರಿಂಟ್ ತೆಗೆದೆ. ಅದರಲ್ಲಿ ಹಣೆ ಖಾಲಿ. ಬಣ್ಣ ಕಲಸಿ ಬ್ರಷ್ಷನ್ನ ಗೌಡರ ಕಡೆ ಹಿಡಿದು, “ನೀವೇ ಇಡಿ ಗೌಡ್ರೆ, ಎಲ್ಲಿ ಅಂತ ನಿಮಗೇ ಗೊತ್ತು” ಅಂದೆ. ಅವರು ಬ್ರಷ್ ಮುಟ್ಟಲಿಲ್ಲ. “ಸುಜಾತ, ನಿಮ್ಮವ್ವನ ಭರಣಿ ತತ್ತಾ” ಅಂದರು.

ಮರದ ಕುಂಕುಮದ ಭರಣಿ ಬಂತು. ಅದರ ಮಗ್ಗುಲಲ್ಲೇ ಚಿಪ್ಪಿನಲ್ಲಿ ಮೇಣ ಇತ್ತು. ಹಳೇ ಹೆಂಗಸರು ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದರಲ್ಲ, ಹಾಗೆ. ಗೌಡರು ಎದ್ದು ನಡುಮನೆಗೆ ಬಂದು ಮಣೆ ಮುಂದೆ ಕೂತರು. ಫೋಟೋ ತೊಡೆ ಮೇಲಿಟ್ಟುಕೊಂಡು ಉಗುರಿನಲ್ಲಿ ಮೇಣ ಕೆರೆದು ಹಚ್ಚಿದರು. ಹೆಬ್ಬೆಟ್ಟನ್ನ ಭರಣಿಗೆ ಅದ್ದಿದರು. ಸುತ್ತ ಮನೆ ತುಂಬ ಜನ ಇದ್ದರು. ಅಡಿಗೆಯವರೂ ಬಾಗಿಲಿಗೆ ಬಂದು ನಿಂತರು. ಗೌಡರು ಯಾರನ್ನೂ ನೋಡಲಿಲ್ಲ. ಒಂದು ಬೆಟ್ಟು ಎಡಕ್ಕೆ, ಒತ್ತಿ ಇಟ್ಟರು.

ಕೆಲಸ ಅಂತ ನೋಡಿದರೆ ಅದು ಶುದ್ಧ ಕೆಟ್ಟ ಕೆಲಸ. ಬೊಟ್ಟು ವಾಲಿತ್ತು, ಅಂಚು ಒಡೆದಿತ್ತು, ಮೂಗಿನ ಮೇಲೂ ಒಂದಿಷ್ಟು ಪುಡಿ ಉದುರಿತ್ತು. ಆದರೆ ಸುಜಾತ “ಅಮ್ಮಾ” ಅಂತ ಒಂದೇ ಸಲ ಕೂಗಿ ಕುಸಿದು ಕೂತಳು. ನನಗೂ ಅಳು ತಡೆಯೋಕೆ ಆಗಲಿಲ್ಲ. ಮೂಗು ಒರೆಸಿಕೊಂಡು, ಕಸುಬಿನ ಬುದ್ಧಿ ಎಲ್ಲಿ ಹೋಗುತ್ತೆ, ಬಾಯಿ ತಡೆಯದೆ ಹೇಳಿಬಿಟ್ಟೆ: “ಗೌಡ್ರೆ, ಇದು ಬಣ್ಣ ಅಲ್ಲ, ಅಸಲು ಕುಂಕುಮ. ಕಾಗದ ಹಿಡಿಯಲ್ಲ. ನಾಲ್ಕು ತಿಂಗಳಿಗೆ ಉದುರಿಹೋಗುತ್ತೆ.”

“ಓದ್ರೆ ಓಗ್ಲಿ ಬುಡವ್ವ” ಅಂದರು ಗೌಡರು, ಕಣ್ಣು ಫೋಟೋ ಮೇಲೇ ಇಟ್ಟುಕೊಂಡು. “ಮತ್ತೆ ಇಕ್ತೀನಿ. ಅಳಿಯಂದ್ರಿಗೇಳು, ಗಾಜು ಆಕೋದು ಬ್ಯಾಡ.”

ಮಂಜೇಗೌಡ ಗಾಜನ್ನ ಎತ್ತಿ ಗೋಡೆಗೆ ಒರಗಿಸಿಟ್ಟು, ಬರೀ ಚೌಕಟ್ಟಿಗೆ ಮೊಳೆ ಹೊಡೆಯೋಕೆ ಕೂತ.